ಪದ ಪರಿಚಯ: ಟೆಂಡರ್‌ನಲ್ಲಿ ‘ಸ್ಥಳೀಯ ಆದ್ಯತೆ’

ಸರ್ಕಾರಿ ಕಾಮಗಾರಿ ಯಾರಿಗೆ ಸಿಗುತ್ತದೆ? ಕಡಿಮೆ ದರ ಹಾಕಿದವರಿಗೆ. ಗುತ್ತಿಗೆದಾರರ ಮಾತಿನಲ್ಲಿ ಅವರೇ ‘ಎಲ್-ಒನ್’. ಈ ನಿಯಮವನ್ನು ಒಂಚೂರು ಸಡಿಲಿಸಿ, ನಮ್ಮವರಿಗೆ ಇನ್ನೊಂದು ಅವಕಾಶ ಕೊಡುವುದೇ ಸ್ಥಳೀಯ ಆದ್ಯತೆ.

ನಮ್ಮವರು ಅಂದ್ರೆ ಯಾರು? ಜಗಳ ಶುರುವಾಗುವುದೇ ಇಲ್ಲಿ. ಕೇಂದ್ರ ಸರ್ಕಾರ 2017ರ ಜೂನ್‌ನಲ್ಲಿ ‘ಮೇಕ್ ಇನ್ ಇಂಡಿಯಾ’ ಖರೀದಿ ಆದೇಶ ಹೊರಡಿಸಿತು, 2020ರಲ್ಲಿ ಅದನ್ನು ಬಿಗಿ ಮಾಡಿತು. ಅದರ ಪ್ರಕಾರ ಕೆಲಸದ ಮೌಲ್ಯದಲ್ಲಿ ಶೇ 50 ಅಥವಾ ಅದಕ್ಕಿಂತ ಜಾಸ್ತಿ ಭಾರತದಲ್ಲೇ ಹುಟ್ಟಿದ್ದರೆ ಮೊದಲ ದರ್ಜೆಯ ಸ್ಥಳೀಯರು. ಶೇ 20ರಿಂದ 50ರ ಒಳಗಿದ್ದರೆ ಎರಡನೇ ದರ್ಜೆ. ಅದಕ್ಕಿಂತ ಕಡಿಮೆಯಾದರೆ ಹೊರಗಿನವರು. 200 ಕೋಟಿ ರೂಪಾಯಿವರೆಗಿನ ಖರೀದಿಗೆ ಸಾಮಾನ್ಯವಾಗಿ ಜಾಗತಿಕ ಟೆಂಡರ್ ಕರೆಯುವ ಹಾಗೇ ಇಲ್ಲ.

ಆದ್ಯತೆ ಅಂದ ಕೂಡಲೇ ‘ನಮ್ಮವರಿಗೆ ಜಾಸ್ತಿ ದುಡ್ಡು ಕೊಡ್ತಾರೆ’ ಅಂತ ಹಲವರು ಅಂದುಕೊಳ್ಳುತ್ತಾರೆ. ಹಾಗಲ್ಲ. ಒಂದು ಲೆಕ್ಕ ನೋಡಿ. ಎರಡನೇ ದರ್ಜೆಯ ಕಂಪನಿಯೊಂದು 100 ಕೋಟಿಗೆ ಎಲ್-ಒನ್ ಆಗಿದೆ ಅನ್ನಿ. ಮೊದಲ ದರ್ಜೆಯವರು ಹಾಕಿದ್ದು 118 ಕೋಟಿ. ಆದೇಶ ಒಪ್ಪುವ ಅಂತರ ಎಲ್-ಒನ್ ದರದ ಮೇಲೆ ಶೇ 20ರವರೆಗೆ, ಇದು ಅದರೊಳಗೇ ಇದೆ. ಆಗ ಇವರನ್ನು ಕರೆದು, ‘100 ಕೋಟಿಗೆ ಮಾಡ್ತೀರಾ?’ ಎಂದು ಕೇಳಬೇಕು. ಒಪ್ಪಿದರೆ ಕೆಲಸ ಇವರದು. ಒಪ್ಪದಿದ್ದರೆ ಆ ಅಂತರದೊಳಗಿನ ಮುಂದಿನ ಮೊದಲ ದರ್ಜೆಯವರಿಗೆ ಅದೇ ಪ್ರಶ್ನೆ. ಯಾರೂ ಬರದಿದ್ದರೆ ಎಲ್-ಒನ್‌ಗೇ ಕೆಲಸ. ಸರ್ಕಾರದ ಜೇಬಿನಿಂದ ಹೋಗುವುದು ಹೇಗೂ 100 ಕೋಟಿಯೇ.

ನಿಜವಾಗಿಯೂ ಜಾಸ್ತಿ ದುಡ್ಡು ಕೊಡುವ ಪದ್ಧತಿ ಬೇರೆ ಇದೆ. ವಿಶ್ವಬ್ಯಾಂಕ್ ಸಾಲದ ಕಾಮಗಾರಿಗಳಲ್ಲಿ, ಕಡಿಮೆ ಆದಾಯದ ದೇಶಗಳ ಕಂಪನಿಗಳಿಗೆ ಅವರ ದೇಶದಲ್ಲೇ ಶೇ 7.5ರ ಅನುಕೂಲ ಸಿಗಬಹುದು. ಹೋಲಿಸುವಾಗ ಮಾತ್ರ ವಿದೇಶಿ ಕಂಪನಿಯ ದರಕ್ಕೆ ಅಷ್ಟು ಸೇರಿಸುತ್ತಾರೆ. ದೇಶದ ಕಂಪನಿ ಗೆದ್ದರೆ ತಾನು ಹಾಕಿದ ದರವನ್ನೇ ಪಡೆಯುತ್ತದೆ.

ಮೆಟ್ರೊ ಬೋಗಿ, ಸಿಗ್ನಲ್ ಉಪಕರಣಗಳಲ್ಲಿ 2017ರ ಆದೇಶಕ್ಕೆ ತೂಕ ಇದೆ. ಊರ ರಸ್ತೆ, ಚರಂಡಿ, ಶಾಲಾ ಕೊಠಡಿಗೆ ಬಂದರೆ ಸುಮ್ನೆ ಹೆಸರಿಗಷ್ಟೇ. ಜಲ್ಲಿ ಇಲ್ಲಿಯದು, ಸಿಮೆಂಟ್ ಇಲ್ಲಿಯದು, ಕೂಲಿಯವರೂ ಇಲ್ಲಿಯವರೇ. ಹೆಚ್ಚುಕಡಿಮೆ ಎಲ್ಲರೂ ಮೊದಲ ದರ್ಜೆಯೇ! ಆ ಆದೇಶದ ಕಣ್ಣಿಗೆ ಹಾವೇರಿಯ ಗುತ್ತಿಗೆದಾರನೂ ಒಂದೇ, ಹೈದರಾಬಾದಿನ ದೊಡ್ಡ ಕಂಪನಿಯೂ ಒಂದೇ.

ನಮ್ಮ ರಾಜ್ಯದ ಟೆಂಡರ್ ಕಾಯ್ದೆಯಲ್ಲಿ ನಿಗದಿತ ಮೊತ್ತದವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯವರಿಗೆ ಶೇ 17.15, ಪರಿಶಿಷ್ಟ ಪಂಗಡದವರಿಗೆ ಶೇ 6.95 ಮೀಸಲಿದೆ. ಅದು ಸಾಮಾಜಿಕ ನ್ಯಾಯದ ಲೆಕ್ಕ, ಊರಿನ ಲೆಕ್ಕ ಅಲ್ಲ. ಎರಡನ್ನೂ ಕಲಸಬಾರದು.

ಹಾಗಾದರೆ ಊರಿನ ಸಣ್ಣ ಗುತ್ತಿಗೆದಾರ ಗೆಲ್ಲುವುದು, ಸೋಲುವುದು ಎಲ್ಲಿ? ನನ್ನ ಪ್ರಕಾರ ಅರ್ಹತೆಯ ಷರತ್ತುಗಳಲ್ಲಿ. ಕೇಂದ್ರೀಯ ಜಾಗೃತ ಆಯೋಗದ 2002ರ ಸೂತ್ರ ಹೀಗಿದೆ: ಹಿಂದಿನ 3 ವರ್ಷಗಳ ಸರಾಸರಿ ವಹಿವಾಟು ಅಂದಾಜು ವೆಚ್ಚದ ಶೇ 30 ಇರಬೇಕು. ಅದೇ ಬಗೆಯ ಕೆಲಸವನ್ನು ಶೇ 80ರಷ್ಟು ಮೊತ್ತದಲ್ಲಿ ಒಂದು, ಇಲ್ಲವೇ ಶೇ 50ರದ್ದು ಎರಡು, ಇಲ್ಲವೇ ಶೇ 40ರದ್ದು ಮೂರು ಮಾಡಿ ಮುಗಿಸಿರಬೇಕು. 80 ಲಕ್ಷದ ರಸ್ತೆಗೆ ಈ ಸೂತ್ರ ಹಚ್ಚಿದರೆ 24 ಲಕ್ಷದ ವಹಿವಾಟು, 32 ಲಕ್ಷದ ಮೂರು ಕೆಲಸ ಸಾಕು. ತಾಲ್ಲೂಕಿನ ಗುತ್ತಿಗೆದಾರನಿಗೆ ಇದು ದಾಟಬಹುದಾದ ಗೆರೆ. ಅಂಥ 20 ರಸ್ತೆಗಳನ್ನು ಕಟ್ಟಿ 16 ಕೋಟಿಯ ಒಂದೇ ಪ್ಯಾಕೇಜ್ ಮಾಡಿ ನೋಡಿ. ಬೇಕಾದ ವಹಿವಾಟು 4.8 ಕೋಟಿ ಆಯಿತು, ಮೂರು ಕೆಲಸಗಳೂ ತಲಾ 6.4 ಕೋಟಿಯವು ಆಗಬೇಕು. ಅವನು ಅರ್ಜಿ ಹಾಕುವ ಮೊದಲೇ ಹೊರಗೆ, ಅಲ್ವಾ?

ಕರ್ನಾಟಕದ ಗುತ್ತಿಗೆದಾರರ ಸಂಘ ‘ಪ್ಯಾಕೇಜ್ ಬೇಡ’ ಎಂದು ಕೂಗುವುದು ಇದಕ್ಕೇ. ಇಲಾಖೆಗಳ ಕಡೆಯ ವಾದವೂ ಪೊಳ್ಳಲ್ಲ. ಇಪ್ಪತ್ತು ಜನರ ಹಿಂದೆ ಓಡಾಡುವುದಕ್ಕಿಂತ ಒಬ್ಬರನ್ನು ಹಿಡಿದು ಕೇಳುವುದು ಸುಲಭ, ಯಂತ್ರಗಳೂ ದೊಡ್ಡವು ಬರುತ್ತವೆ. ಆದರೆ ಗೆದ್ದ ಕಂಪನಿ ಎಷ್ಟೋ ಸಲ ಅದೇ ಕೆಲಸವನ್ನು ತುಂಡು ಮಾಡಿ, ತನ್ನ ಪಾಲು ಮುರಿದುಕೊಂಡು, ಅದೇ ತಾಲ್ಲೂಕಿನವರಿಗೆ ಉಪಗುತ್ತಿಗೆಗೆ ಕೊಡುತ್ತದೆ. ರಸ್ತೆ ಹಾಕುವವನು ಊರಿನವನೇ, ಸಿಗುವ ದರ ಮಾತ್ರ ಕಡಿಮೆ.