ಮಳೆನಾಡಿನ ‘ಡೀಶರ್ಟ್’: ಊರ ಹೆಸರಲ್ಲಿ ಉಳಿದ ಏಕಾಂತ

ಐರ್ಲೆಂಡಿನ ನಕ್ಷೆಯಲ್ಲಿ ಡೆಸರ್ಟ್‌ಮಾರ್ಟಿನ್, ಡೈಸರ್ಟ್ ಓಡೇ ಎಂಬ ಊರುಗಳು ಸಿಗುತ್ತವೆ. ವರ್ಷವಿಡೀ ಮಳೆ ಜಿನುಗುವ ಈ ನಾಡಿನಲ್ಲಿ ಮರುಭೂಮಿ ಎಲ್ಲಿಂದ ಬಂತು?

ಪದ ಬಂದದ್ದು ಲ್ಯಾಟಿನ್ನಿನ ‘ಡೆಸೆರ್ಟುಮ್’ನಿಂದ; ಐರಿಷ್ ಬಾಯಲ್ಲಿ ಅದು ‘ಡೀಶರ್ಟ್’ ಆಯಿತು. ಅದಕ್ಕೆ ಮರಳು ಬೇಕೆಂದೇನಿಲ್ಲ. ಜನ ಬಿಟ್ಟುಹೋದ ಜಾಗವಾದರೆ ಸಾಕು. ಕನ್ನಡ ಬೈಬಲಿನ ಹಳೆಯ ಅನುವಾದದಲ್ಲೂ ಸ್ನಾನಿಕ ಯೋಹಾನ ಬೋಧಿಸುವುದು ಮರುಭೂಮಿಯಲ್ಲಲ್ಲ, ‘ಅಡವಿ’ಯಲ್ಲಿ. ಈಜಿಪ್ಟಿನ ಮರಳುಗಾಡಿಗೆ ಹೋಗಿ ಕೂತ ಆಂಟನಿಯಂಥ ಸನ್ಯಾಸಿಗಳ ಕಥೆ ಕೇಳಿದ ಐರಿಷ್ ಭಕ್ತರು ಕಾಡು, ಜೌಗು, ದ್ವೀಪಗಳಲ್ಲಿ ತಮ್ಮ ‘ಡೀಶರ್ಟ್’ ಕಂಡುಕೊಂಡರು.

ಕಿಲ್ಡೇರ್ ಕೌಂಟಿಯ ಒಂದು ಊರನ್ನೇ ನೋಡಿ. 9ನೇ ಶತಮಾನದ ಆರಂಭದಲ್ಲಿ ಡಿಯರ್ಮಟ್ ಎಂಬ ತಪಸ್ವಿ ಅಲ್ಲಿ ನೆಲೆನಿಂತ. ಮಠಗಳ ಶಿಸ್ತು ಸಡಿಲವಾಗಿದೆ ಎಂದು ನೊಂದು ಕಠಿಣ ವ್ರತ ಹಿಡಿದ ‘ಕೇಲಿ ಡೇ’ಗಳ ಕಾಲ ಅದು. ಆ ಹೆಸರನ್ನು ನಮ್ಮ ಮಾತಿನಲ್ಲಿ ‘ದೇವರ ಒಕ್ಕಲು’ ಎನ್ನಬಹುದು. ಜಾಗಕ್ಕೆ ‘ಡೀಶರ್ಟ್ ಡಿಯರ್ಮಟ’ ಎಂದು ಹೆಸರಾಯಿತು. ಅಲ್ಲಿನ ಗ್ರಾನೈಟ್ ಶಿಲುಬೆಗಳಲ್ಲಿ ಈಗಲೂ ಆಂಟನಿ ಮತ್ತು ಈಜಿಪ್ಟಿನ ಇನ್ನೊಬ್ಬ ಸನ್ಯಾಸಿ ಪೌಲ ಎದುರುಬದುರು ಕೂತಿದ್ದಾರೆ, ನಡುವೆ ಕಾಗೆ ರೊಟ್ಟಿ ತರುತ್ತಿದೆ. ಈಜಿಪ್ಟಿನ ಆ ಕಥೆಯನ್ನು ಮಳೆಗೆ ನೆನೆಯುವ ಕಲ್ಲಿನಲ್ಲಿ ಕೆತ್ತಿದ ಕೈಗಳಿಗೆ ‘ಡೀಶರ್ಟ್’ ಎಂದರೇನೆಂದು ಚೆನ್ನಾಗಿಯೇ ಗೊತ್ತಿತ್ತು.

ತಪಸ್ವಿ ಕೂತಲ್ಲಿ ಜನ ಸೇರುತ್ತಾರೆ. ಮಠ ಬೆಳೆಯಿತು, ನಾರ್ಮನ್ನರು ಬಂದರು, ಪೇಟೆಯಾಯಿತು. 1264ರಲ್ಲಿ ಅಲ್ಲಿ ಪಾರ್ಲಿಮೆಂಟೇ ಸೇರಿತು. ಕೆಲ್ಸ್‌ನಲ್ಲಂತೂ ದೊಡ್ಡ ಮಠದ ಮಗ್ಗುಲಲ್ಲೇ ಯಾತ್ರಿಕ ಭಕ್ತರಿಗೆಂದು ಒಂದು ಡೀಶರ್ಟ್ ಬಿಟ್ಟುಕೊಡಲಾಯಿತು. ಆ ದಾನಪತ್ರ ಕೆಲ್ಸ್ ಗ್ರಂಥ ಎಂಬ ಹೆಸರಾಂತ ಸುವಾರ್ತೆಗಳ ಹಸ್ತಪ್ರತಿಯಲ್ಲೇ ಇದೆ. ಡೈಸರ್ಟ್ ಓಡೇಯಲ್ಲಿ 1318ರಲ್ಲಿ ಯುದ್ಧ ನಡೆಯಿತು.

ಅರ್ಥ ಮಾಸಿದ ಮೇಲೆ ಹೆಸರು ಕಿವಿಗೆ ಬಿದ್ದಂತೆ ಕಾಗದಕ್ಕೆ ಇಳಿಯಿತು. ಡೀಶರ್ಟ್ ಡಿಯರ್ಮಟ ಮೊದಲು ‘ಟ್ರಿಸ್ಟಲ್‌ಡರ್ಮಟ್’, ಆಮೇಲೆ ‘ಕಾಸಲ್‌ಡರ್ಮಟ್’. ಏಕಾಂತದ ಜಾಗದಲ್ಲಿ ‘ಕಾಸಲ್’, ಅಂದರೆ ಕೋಟೆ, ಬಂದು ಕೂತಿತು. 1824ರಲ್ಲಿ ಶುರುವಾದ ಸರ್ಕಾರಿ ನಕ್ಷೆ ಕೆಲಸ ಆರ್ಡ್‌ನೆನ್ಸ್ ಸರ್ವೆ ಇಂಥ ಇಂಗ್ಲಿಷ್ ಕಾಗುಣಿತಗಳನ್ನು ನಕ್ಷೆಯಲ್ಲಿ ಗಟ್ಟಿ ಮಾಡಿತು. ಅದೇ ಕೆಲಸದಲ್ಲಿದ್ದ ಐರಿಷ್ ಭಾಷಾ ವಿದ್ವಾಂಸ ಜಾನ್ ಓಡೊನೊವನ್ ಊರೂರು ತಿರುಗಿ ಮೂಲ ಹೆಸರು ಬರೆದಿಟ್ಟುಕೊಳ್ಳದಿದ್ದರೆ ಎಷ್ಟೋ ಊರುಗಳ ಹುಟ್ಟಿನ ಗುರುತೇ ಅಳಿಯುತ್ತಿತ್ತು. ಹಾಗಾಗಿ ‘ಡೆಸರ್ಟ್‌ಮಾರ್ಟಿನ್’ ಎಂದರೆ ಮಾರ್ಟಿನನ ಮರುಭೂಮಿಯಲ್ಲ, ಮಾರ್ಟಿನನ ಏಕಾಂತ ನೆಲೆ.

ಕಾಸಲ್‌ಡರ್ಮಟ್‌ಗೆ ಈಗ ಎರಡು ಹೆಸರು. ರಸ್ತೆ ಫಲಕದಲ್ಲಿ ಕೆಳಗೆ ಇಂಗ್ಲಿಷಿನ ಕೋಟೆ. ಮೇಲೆ, ಓರೆ ಅಕ್ಷರದಲ್ಲಿ, ಐರಿಷಿನ ಡೀಶರ್ಟ್.