ಹಳೇ ಟಿವಿ ದೃಶ್ಯಗಳೆಲ್ಲ ಎಲ್ಲಿ ಹೋದ್ವು?

1983ರ ಜೂನ್ 18ಕ್ಕೆ ಇಂಗ್ಲೆಂಡ್‌ನ ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ಎದುರು ಭಾರತ 17 ರನ್‌ಗೆ 5 ವಿಕೆಟ್ ಕಳ್ಕೊಂಡಿತ್ತು, ಆಮೇಲೆ ಕಪಿಲ್ ದೇವ್ ಔಟಾಗ್ದೆ 175 ಹೊಡೆದ್ರು, ಮಧ್ಯ ನಮ್ಮ ರೋಜರ್ ಬಿನ್ನಿ ಜೊತೆ ನಿಂತ್ರು, ಕೊನೇಲಿ ನಮ್ಮ ಕಿರ್ಮಾನಿ ಜೊತೆ ಮುರಿಯದ 126 ರನ್ ಜೊತೆಯಾಟ. ವರ್ಲ್ಡ್ ಕಪ್ ಉಳಿಸಿದ ಇನಿಂಗ್ಸ್ ಅದು. ಆದ್ರೆ ಅದರ ಟಿವಿ ಫುಟೇಜ್ ಇಲ್ವೇ ಇಲ್ಲ, ಯಾಕಂದ್ರೆ ಆವತ್ತು ಬಿಬಿಸಿ ಕ್ಯಾಮೆರಾ ಆ ಗ್ರೌಂಡ್‌ಗೆ ಹೋಗ್ಲಿಲ್ಲ.

ಇದು ಶೂಟೇ ಆಗದೆ ಹೋದ ಕಥೆ. ಶೂಟ್ ಮಾಡಿ, ಪ್ರಸಾರನೂ ಮಾಡಿ, ಆಮೇಲೆ ಕೈಯಾರೆ ಅಳಿಸಿ ಹಾಕಿದ್ದು ಇನ್ನೂ ಜಾಸ್ತಿ ಇದೆ, ನಂಗೆ ಹೊಟ್ಟೆ ಉರಿಯೋದು ಅದಕ್ಕೇ.

ವಿಡಿಯೋ ಟೇಪ್ ಮಷಿನ್ ಮಾರ್ಕೆಟ್‌ಗೆ ಬಂದಿದ್ದು 1956ರಲ್ಲಿ, ಅಮೆರಿಕದ ಆಂಪೆಕ್ಸ್ ಕಂಪನಿಯಿಂದ. ಎರಡು ಇಂಚು ಅಗಲದ ಟೇಪ್, ದೊಡ್ಡ ದೊಡ್ಡ ರೀಲು, ರೇಟಂತೂ ಕೇಳ್ಲೇಬೇಡಿ. ಅಳಿಸಿ ಮತ್ತೆ ರೆಕಾರ್ಡ್ ಮಾಡ್ಬಹುದು ಅನ್ನೋದೇ ಅದರ ದೊಡ್ಡ ಲಾಭ ಅಂತ ಎಲ್ಲಾ ಸ್ಟೇಷನ್‌ನೋರೂ ಅನ್ಕೊಂಡಿದ್ರು, ಯಾಕಂದ್ರೆ ಆಗ ಮನೇಲಿ ವಿಸಿಆರ್ ಇಲ್ಲ, ಯೂಟ್ಯೂಬ್ ಇಲ್ಲ, ಒಂದ್ಸಲ ಪ್ರಸಾರ ಆದ ಕಾರ್ಯಕ್ರಮ ಮತ್ತೆ ಯಾರಿಗೆ ಬೇಕು? ಬಿಬಿಸಿ 60ರ ದಶಕದ ತನ್ನ ‘ಡಾಕ್ಟರ್ ಹೂ’ ಸೀರಿಯಲ್ ಟೇಪ್‌ಗಳನ್ನೇ ಹೀಗೆ ಅಳಿಸ್ತು. ಹೊರದೇಶಗಳಿಗೆ ಮಾರಿದ್ದ ಫಿಲ್ಮ್ ಕಾಪಿಗಳು ಅಲ್ಲಲ್ಲಿ ಉಳಿದಿದ್ವು, ಹಂಗಾಗಿ 2013ರಲ್ಲಿ 9 ಕಂತು ನೈಜೀರಿಯಾದಲ್ಲಿ ಸಿಕ್ಕಿದ ಸುದ್ದಿ ಬಂತು. ನಾಸಾ ಕಥೆ ಅಂತೂ ಇನ್ನೂ ಬೇಜಾರು. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದಾಗ ಭೂಮಿಗೆ ನೇರವಾಗಿ ಬಂದ ಸಿಗ್ನಲ್‌ನ ಮೂಲ ಟೇಪ್‌ಗಳನ್ನ ಬೇರೆ ಡೇಟಾ ತುಂಬೋಕೆ ಅಳಿಸಿರಬೇಕು ಅಂತ 2009ರಲ್ಲಿ ಅವರೇ ಒಪ್ಕೊಂಡ್ರು. ಈಗ ನಾವು ನೋಡೋದು ಟಿವಿ ಚಾನೆಲ್‌ಗಳ ಹತ್ರ ಉಳಿದಿದ್ದ ಕಾಪಿಗಳಿಂದ ಸರಿಮಾಡಿದ್ದು.

ನಮ್ಮಲ್ಲೂ ಜನ ಮತ್ತೆ ಮತ್ತೆ ಕೇಳಿದ್ದು ಉಳೀತು. ರಾಕೇಶ್ ಶರ್ಮಾ 1984ರಲ್ಲಿ ಬಾಹ್ಯಾಕಾಶದಿಂದ ಇಂದಿರಾ ಗಾಂಧಿ ಜೊತೆ ಮಾತಾಡಿದ್ದು ಇವತ್ತೂ ಸಿಗತ್ತೆ. ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದ ‘ಮಾಲ್ಗುಡಿ ಡೇಸ್’ ಇದೆ, 2020ರ ಲಾಕ್‌ಡೌನ್‌ನಲ್ಲಿ ‘ರಾಮಾಯಣ’ ಮತ್ತೆ ಹಾಕಿದಾಗ ಇಡೀ ದೇಶ ನೋಡ್ತು. ಪ್ರಸಾರ ಭಾರತಿಯೋರು ಯೂಟ್ಯೂಬ್‌ಗೆ ಹಳೇದನ್ನ ಹಾಕ್ತಿರೋದಂತೂ ನಿಜವಾಗ್ಲೂ ಪುಣ್ಯದ ಕೆಲಸ. ಆದ್ರೆ ದಿನಾ ಬರ್ತಿದ್ದ ವಾರ್ತೆ, ಕೃಷಿ ಕಾರ್ಯಕ್ರಮ, ಮಕ್ಕಳ ಕಾರ್ಯಕ್ರಮ ಇವನ್ನ ಯಾರು ಕೇಳ್ತಾರೆ, ಒಂದು ಊರಿನ ಜನ ಹೆಂಗೆ ಮಾತಾಡ್ತಿದ್ರು ಏನು ಉಡ್ತಿದ್ರು ಅನ್ನೋದು ನಂಗೆ ಕಾಣೋದು ಅವುಗಳಲ್ಲೇ, ದೊಡ್ಡ ಸೀರಿಯಲ್‌ಗಳಲ್ಲಿ ಅಲ್ಲ.

ಕನ್ನಡ ಟಿವಿ ಅಂದ್ರೆ ಎಲ್ರೂ ಬೆಂಗಳೂರು ದೂರದರ್ಶನ, 1981 ಅಂತಾರೆ. ಅದಕ್ಕೂ ಮುಂಚೆನೇ, 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ, ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಕನ್ನಡದ ಟಿವಿ ಬಂದಿತ್ತು! ಅದರ ಹೆಸರು ಸೈಟ್ (SITE), ಅಂದ್ರೆ ಉಪಗ್ರಹದ ಮೂಲಕ ಟಿವಿ ಪಾಠ ಹೇಳೋ, ಇಸ್ರೋ ಮಾಡಿದ ಪ್ರಯೋಗ, ನಾಸಾದ ಎಟಿಎಸ್-6 ಉಪಗ್ರಹ ಸಾಲಕ್ಕೆ ಸಿಕ್ಕಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಒಂದೊಂದು ಟಿವಿ, ಮೇಲೆ ತಂತಿ ಜಾಲರಿಯ ದೊಡ್ಡ ಡಿಶ್, ಬೆಳಗ್ಗೆ ಶಾಲೆ ಮಕ್ಕಳಿಗೆ ಪಾಠ, ಸಂಜೆ ಊರೋರಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ. ಕರೆಂಟು ಕೂಡ ಸರಿಯಾಗಿಲ್ದಿರೋ ಕಾಲದಲ್ಲಿ ಆಕಾಶದಿಂದ ನೇರವಾಗಿ ಹಳ್ಳಿಗೆ ಕನ್ನಡ ಇಳೀತು ಅಂದ್ರೆ ಸಣ್ಣ ವಿಷಯ ಅಲ್ಲ, ನಮ್ಮ ಟಿವಿ ಚರಿತ್ರೆ ಬರೆಯೋರು ಮೊದಲ ಪುಟದಲ್ಲೇ ಇದನ್ನ ಬರೀಬೇಕು.

ಟೇಪ್ ಉಳಿದಿದ್ರೂ ಕಷ್ಟ ತಪ್ಪಿದ್ದಲ್ಲ. ನಮ್ಮ ಸೆಕೆ, ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯತ್ತೆ, ಮೇಲಿನ ಲೇಪ ಅಂಟಂಟಾಗತ್ತೆ, ಹಂಗೇ ಪ್ಲೇಯರ್‌ಗೆ ಹಾಕಿದ್ರೆ ಕಿತ್ಕೊಂಡು ಬರತ್ತೆ, ಮೇಲಾಗಿ ಆ ಪ್ಲೇಯರ್‌ಗಳನ್ನ ಈಗ ಯಾರೂ ತಯಾರು ಮಾಡಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೇರಿಯನ್ ಸ್ಟೋಕ್ಸ್ ಅನ್ನೋ ಹೆಣ್ಣುಮಗಳು 2012ರಲ್ಲಿ ತೀರ್ಕೊಳ್ಳೋವರೆಗೂ 30 ವರ್ಷಕ್ಕಿಂತ ಹೆಚ್ಚು ಕಾಲ ಮನೇಲೇ ಟಿವಿ ನ್ಯೂಸ್ ರೆಕಾರ್ಡ್ ಮಾಡಿ ಸುಮಾರು 70,000 ಟೇಪ್ ಬಿಟ್ಟೋದ್ರು, ಆ ಸಂಗ್ರಹ ಈಗ ಇಂಟರ್ನೆಟ್ ಆರ್ಕೈವ್ ಹತ್ರ ಇದೆ. ನಿಮ್ಮ ಅಟ್ಟದ ಮೇಲೂ 80-90ರ ದಶಕದ ವಿಎಚ್‌ಎಸ್ ಕ್ಯಾಸೆಟ್ ಇದ್ರೆ ಬಿಸಾಕ್ಬೇಡಿ, ಬೂಷ್ಟು ಕಂಡ್ರೆ ಪ್ಲೇ ಮಾಡದೆ ಗೊತ್ತಿರೋರ ಹತ್ರ ಕೊಟ್ಟು ಕ್ಲೀನ್ ಮಾಡ್ಸಿ ಕಾಪಿ ತೆಗೆಸ್ಕೊಳ್ಳಿ. ಸೈಟ್ ಕಾಲದಲ್ಲಂತೂ ಹಳ್ಳಿ ಮನೆಗಳಲ್ಲಿ ವಿಸಿಆರ್ ಇರ್ಲಿಲ್ಲ. ಆಗ ಆ ಟಿವಿ ಮುಂದೆ ಕೂತಿದ್ದ ಕಲಬುರಗಿ, ರಾಯಚೂರು, ವಿಜಯಪುರದ ಶಾಲೆ ಮಕ್ಕಳು ಈಗ 60ರ ಆಸುಪಾಸಲ್ಲಿ ಇರ್ತಾರೆ, ಆ ಕಡೆಯೋರು ಯಾರಾದ್ರೂ ಅವರನ್ನ ಕೂರಿಸ್ಕೊಂಡು ಏನೇನು ನೋಡಿದ್ರಿ ಅಂತ ಕೇಳಿ ಮೊಬೈಲ್‌ನಲ್ಲೇ ರೆಕಾರ್ಡ್ ಮಾಡ್ಕೊಳ್ಳಿ ದಯವಿಟ್ಟು, ಈ ವರ್ಷವೇ.