ಹಡಗು ಏರಿದ ಅನಿಲ, ಮನೆಯಲ್ಲಿ ಏರುವ ಬೆಲೆ

ಪ್ರಶ್ನೆ: ನೈಸರ್ಗಿಕ ಅನಿಲ ರಫ್ತು ಮಾಡುವ ದೇಶದ ಜನರಿಗೇ ಅದು ದುಬಾರಿಯಾಗುತ್ತದಂತೆ, ನಿಜವೇ? ನಮ್ಮ ಮಂಗಳೂರಿಗೆ ಬರುವ ಕೊಳವೆ ಅನಿಲಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ನಿಜ, ಆದರೆ ಎಲ್ಲ ದೇಶಗಳಲ್ಲೂ ಅಲ್ಲ. ಮಲ್ಪೆ ಬಂದರಿನಲ್ಲಿ ಬೊಂಡಾಸ್ (ಸ್ಕ್ವಿಡ್) ಮೀನಿನ ಹರಾಜು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ರಫ್ತಿನವರು ಕೂಗಿದ ದರವೇ ಊರಿನವರಿಗೂ ದರ. ರಫ್ತಿನವರ ಶೀತಲಗೃಹ ಕೆಟ್ಟು ನಿಂತರೆ ಅದೇ ಮೀನು ಊರಲ್ಲೇ ಉಳಿದು ಅಗ್ಗವಾಗುತ್ತದೆ.

ಅನಿಲದ ವ್ಯಾಪಾರದಲ್ಲಿ ಆ ಶೀತಲಗೃಹದ ಜಾಗದಲ್ಲಿರುವುದು ದ್ರವೀಕರಣ ಘಟಕ. ಮೈನಸ್ 162 ಡಿಗ್ರಿಗೆ ತಂಪು ಮಾಡಿದಾಗ ಅನಿಲ ದ್ರವವಾಗಿ, ಸುಮಾರು 600ರಲ್ಲಿ ಒಂದು ಪಾಲು ಜಾಗಕ್ಕೆ ಕುಗ್ಗುತ್ತದೆ. ಆಗಷ್ಟೇ ಅದು ಹಡಗು ಏರುತ್ತದೆ. 2022ರ ಜೂನ್‌ನಲ್ಲಿ ಅಮೆರಿಕದ ಟೆಕ್ಸಾಸಿನ ಫ್ರೀಪೋರ್ಟ್ ಘಟಕದಲ್ಲಿ ಸ್ಫೋಟವಾಯಿತು. ಘಟಕ ತಿಂಗಳುಗಟ್ಟಲೆ ತೆರೆಯುವುದಿಲ್ಲ ಎಂದು ತಿಳಿದ ದಿನ ಅಮೆರಿಕದಲ್ಲಿ ಅನಿಲದ ಬೆಲೆ ಕುಸಿಯಿತು, ಯೂರೋಪಿನಲ್ಲಿ ಜಿಗಿಯಿತು. ರಫ್ತಿಗೂ ಮನೆಯ ಬೆಲೆಗೂ ಇರುವ ನಂಟಿಗೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ಬೇರೆ ಕಂಡಿಲ್ಲ.

ಹಾಗೆಂದು ರಫ್ತೊಂದನ್ನೇ ದೂರಬೇಡಿ. 2023ರಲ್ಲಿ ಅಮೆರಿಕ ಜಗತ್ತಿನ ಅತಿ ದೊಡ್ಡ ಎಲ್‌ಎನ್‌ಜಿ (ಹೀಗೆ ದ್ರವವಾಗಿಸಿದ ನೈಸರ್ಗಿಕ ಅನಿಲ) ರಫ್ತುದಾರನಾಯಿತು. ಆದರೂ 2024ರಲ್ಲಿ ಅಲ್ಲಿ ಬೆಲೆ ತೀರ ಕೆಳಗಿತ್ತು, ಏಕೆಂದರೆ ಉತ್ಪಾದನೆಯೂ ಬೆಳೆದಿತ್ತು, ಚಳಿಯೂ ಕಡಿಮೆಯಿತ್ತು. ಪೂರ್ವ ಆಸ್ಟ್ರೇಲಿಯಾದಲ್ಲಿ ಹಾಗಾಗಲಿಲ್ಲ. 2015ರಲ್ಲಿ ಕ್ವೀನ್ಸ್‌ಲ್ಯಾಂಡಿನಿಂದ ಹಡಗುಗಳು ಹೊರಟ ಮೇಲೆ ಊರಿನ ಕಾರ್ಖಾನೆಗಳೇ ಅನಿಲಕ್ಕೆ ಪರದಾಡಿದವು. 2017ರಲ್ಲಿ ಸರ್ಕಾರ ರಫ್ತಿಗೆ ಕಡಿವಾಣ ಹಾಕುವ ಅಧಿಕಾರ ಪಡೆಯಬೇಕಾಯಿತು. ಪಶ್ಚಿಮ ಆಸ್ಟ್ರೇಲಿಯಾ ಮಾತ್ರ 2006ರಲ್ಲೇ ಶೇ 15ರಷ್ಟು ಅನಿಲವನ್ನು ಸ್ಥಳೀಯರಿಗೆ ಮೀಸಲಿಟ್ಟಿತ್ತು. ನನ್ನ ಮಟ್ಟಿಗೆ ಇದೇ ನ್ಯಾಯವಾದ ದಾರಿ: ನೆಲದ ಅನಿಲದಲ್ಲಿ ಆ ನೆಲದವರ ಪಾಲು ಮೊದಲೇ ಎತ್ತಿಡಬೇಕು.

ನಾವು ಈ ಹರಾಜಿನಲ್ಲಿ ಕೊಳ್ಳುವವರು. ಭಾರತಕ್ಕೆ ಬೇಕಾದ ಅನಿಲದ ಅರ್ಧದಷ್ಟು ಹೊರಗಿನಿಂದ ಬರುತ್ತದೆ. ಕೊಚ್ಚಿಯ ಟರ್ಮಿನಲ್‌ನಲ್ಲಿ ಇಳಿದ ಅನಿಲ, 2021ರ ಜನವರಿಯಲ್ಲಿ ಉದ್ಘಾಟನೆಯಾದ 450 ಕಿ.ಮೀ. ಕೊಳವೆಯಲ್ಲಿ ಮಂಗಳೂರಿಗೆ ತಲುಪುತ್ತದೆ. (ಸಿಲಿಂಡರಿನದು ಎಲ್‌ಪಿಜಿ, ಅದು ಬೇರೆ ಅನಿಲ.) ಮನೆಗಳಿಗೆ ದೇಶದೊಳಗಿನ ಅಗ್ಗದ ಅನಿಲವನ್ನು ಆದ್ಯತೆಯಲ್ಲಿ ಹಂಚುವುದರಿಂದ ಅಡುಗೆಮನೆಗೆ ಪೆಟ್ಟು ಕಡಿಮೆ. ಪಣಂಬೂರಿನ ರಸಗೊಬ್ಬರ ಕಾರ್ಖಾನೆಯಂಥವುಗಳಿಗೆ ಅಷ್ಟು ರಕ್ಷಣೆಯಿಲ್ಲ. ವಿದೇಶದಲ್ಲಿ ಅನಿಲ ತುಟ್ಟಿಯಾದರೆ ಯೂರಿಯಾ ತಯಾರಿಸುವ ಖರ್ಚು ಏರುತ್ತದೆ. ಚೀಲದ ಬೆಲೆಯನ್ನು ಸರ್ಕಾರವೇ ನಿಗದಿ ಮಾಡಿರುವುದರಿಂದ ಆ ಏರಿಕೆ ರೈತನ ರಸೀದಿಯಲ್ಲಿ ಕಾಣದೆ, ನಾವೆಲ್ಲ ಕಟ್ಟುವ ತೆರಿಗೆಯಿಂದ ಸಬ್ಸಿಡಿಯಾಗಿ ಹೋಗುತ್ತದೆ.